ಹೇಳಬಹುದಾದ ಒಂದೇ ಕಥೆ

‘ಎಂಜಿನಿಯರಿಂಗ್ ಮುಗಿಸಿದ ಹುಡುಗ ವೇದಿಕೆಗೆ ಬಂದು ನಾನು ಹೇಗೆ ಬದಲಾದೆ ಅಂತ ಹೇಳ್ತಾನೇನ್ರಿ? ಇವರು ಕಲಿಯೋಕೆ ಬಂದಿದ್ದು ಬೇರೆಯವರ ಕಷ್ಟ ಕೇಳೋದನ್ನ. ಇಲ್ಲಿ ನೋಡಿದರೆ ಎಲ್ಲರೂ ತಮ್ಮ ಕಥೆಯನ್ನೇ ಹೇಳ್ತಿದ್ದಾರೆ.’ ಬೆಂಗಳೂರಿನಲ್ಲಿ ಆಪ್ತಸಮಾಲೋಚನೆಯ ಡಿಪ್ಲೊಮಾ ಮುಗಿಸಿದವರ ಸಮಾರಂಭದಲ್ಲಿ ಪಕ್ಕ ಕೂತಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ನನ್ನತ್ತ ಬಾಗಿ ಆಡಿದ ಮಾತಿದು. ಆ ಹೊತ್ತಿಗೆ ಐವತ್ತು ದಾಟಿದ ಗೃಹಿಣಿಯೊಬ್ಬರು, ಮಗಳು ಮಾತಾಡುವಾಗ ನಡುವೆ ಬಾಯಿ ಹಾಕದೆ ಕೇಳುವುದನ್ನು ಈ ವರ್ಷ ಕಲಿತೆ ಎಂದು ಹೇಳುತ್ತಿದ್ದರು. ಪ್ರಾಧ್ಯಾಪಕರಿಗೆ ಅದು ಪದವಿಗೆ ಸಂಬಂಧವಿಲ್ಲದ ಮನೆಯ ವಿಷಯ. ನನಗೆ ಆ ದಿನ ವೇದಿಕೆಯ ಮೇಲೆ ಕೇಳಿದ ಅತ್ಯಂತ ವೃತ್ತಿಪರವಾದ ಮಾತು ಅದೇ.

ವಕೀಲರು ಗೆದ್ದ ಮೊಕದ್ದಮೆಯನ್ನು ಹೆಸರು ಹಿಡಿದು ಹೇಳಬಹುದು. ಎಂಜಿನಿಯರು ಕಟ್ಟಿದ ಸೇತುವೆಯ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಮೇಷ್ಟ್ರಿಗೆ ತಮ್ಮ ಶಿಷ್ಯ ಜಿಲ್ಲಾಧಿಕಾರಿಯಾದದ್ದನ್ನು ಊರಿಗೆಲ್ಲ ಸಾರುವ ಹಕ್ಕಿದೆ. ಆಪ್ತಸಮಾಲೋಚಕಿಗೆ ಇದ್ಯಾವುದೂ ಇಲ್ಲ. ಸಾಯಬೇಕೆಂದು ಬಂದವನು ಮೂರು ತಿಂಗಳ ಮೇಲೆ ಕೆಲಸಕ್ಕೆ ಮರಳಿದ್ದನ್ನು ಅವಳು ಗಂಡನ ಬಳಿಯೂ ಹೇಳುವಂತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಅವನು ಗುರುತಿಸಿ ಮಾತಾಡಿಸುವ ತನಕ ಇವಳು ಮಾತಾಡಿಸಬಾರದು. 2017ರ ಮಾನಸಿಕ ಆರೋಗ್ಯ ಸೇವಾ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. ಕಾಯ್ದೆ ಬರುವ ಮುಂಚೆಯೂ ಈ ಕಸುಬಿನ ಮೊದಲ ನಿಯಮ ಅದೇ ಆಗಿತ್ತು. ಹಾಗಿರುವಾಗ, ಕಲಿತದ್ದರಲ್ಲಿ ಅವಳು ಎಲ್ಲರೆದುರು ಬಾಯಿಬಿಟ್ಟು ಹೇಳಬಹುದಾದದ್ದು ಏನು ಉಳಿಯಿತು? ತನಗೆ ಏನಾಯಿತು ಎಂಬುದೊಂದೇ. ಅದನ್ನೂ ಹೇಳಬೇಡ ಎಂದರೆ ಅವಳ ಓದನ್ನು ಸಂಭ್ರಮಿಸಲು ಬೇರೆ ದಾರಿಯೇ ಇರುವುದಿಲ್ಲ.

ಆ ಕಥೆ ವಿಷಯಾಂತರವೂ ಅಲ್ಲ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಚಿಕಿತ್ಸಕರಲ್ಲಿ ಇರಬೇಕೆಂದು ಹೇಳಿದ್ದು ಮೂರು ಗುಣಗಳನ್ನು: ಒಳಗೊಂದು ಹೊರಗೊಂದು ಇಲ್ಲದಿರುವುದು, ಎದುರಿಗಿರುವವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಅವರ ಲೋಕವನ್ನು ಅವರ ಕಣ್ಣಿನಿಂದ ನೋಡುವುದು. ಇವನ್ನು ನೋಟ್ಸ್ ಓದಿ ಬರೆಯಬಹುದು, ಓದಿ ಪಡೆಯಲಾಗದು. ತರಗತಿಗಳಲ್ಲಿ ಮೂರು ಮೂರು ಜನರ ಗುಂಪು ಮಾಡುತ್ತಾರೆ. ಒಬ್ಬರು ಕಷ್ಟ ಹೇಳಿಕೊಳ್ಳುವವರು, ಒಬ್ಬರು ಕೇಳುವವರು, ಮೂರನೆಯವರು ಸುಮ್ಮನೆ ಗಮನಿಸುವವರು. ಮುಗಿದ ಮೇಲೆ ಕಲಿಸುವವರು ಕೇಳುತ್ತಾರೆ: ‘ಅವರು ಅಳೋಕೆ ಶುರು ಮಾಡಿದ ಕೂಡಲೇ ನೀರಿನ ಲೋಟ ಮುಂದೆ ಮಾಡಿದಿರಲ್ಲ, ಆ ಅಳು ಯಾರಿಗೆ ತಡೆಯೋಕೆ ಆಗ್ತಿರಲಿಲ್ಲ?’ ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಅದನ್ನು ಮನೆಗೆ ಹೊತ್ತುಕೊಂಡು ಹೋಗಬೇಕು, ಬಾಲ್ಯದ ತನಕ ಹಿಂದಕ್ಕೆ ನಡೆಯಬೇಕು. ಸಲಹೆ ಕೊಡುವ ಚಟ, ಎಲ್ಲವನ್ನೂ ಸರಿಮಾಡಿಬಿಡುವ ಆತುರ, ಜಾತಿಯ ಬಗ್ಗೆ, ಹೆಣ್ಣಿನ ನಡತೆಯ ಬಗ್ಗೆ ಒಳಗೇ ಕೂತಿರುವ ತೀರ್ಪು ಆಗ ಒಂದೊಂದಾಗಿ ಕಾಣಿಸುತ್ತವೆ.

ಇದು ಇಂದು ನಿನ್ನೆಯ ಶೋಕಿಯಲ್ಲ. ಇನ್ನೊಬ್ಬರ ಮನಸ್ಸನ್ನು ಪರೀಕ್ಷಿಸುವ ಮೊದಲು ತನ್ನದನ್ನು ಇನ್ನೊಬ್ಬರೆದುರು ತೆರೆದಿಡಬೇಕೆಂಬುದನ್ನು 1925ರ ಹೊತ್ತಿಗೇ ಮನೋವಿಶ್ಲೇಷಕರ ಅಂತರರಾಷ್ಟ್ರೀಯ ಸಂಘ ತರಬೇತಿಯ ನಿಯಮವಾಗಿ ಒಪ್ಪಿತ್ತು. ಇಲ್ಲಿ ನನಗೆ ಯಾವಾಗಲೂ ನೆನಪಾಗುವವರು ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್. ವೈದ್ಯರಾಗಿದ್ದ ಅವರು ಮನಸ್ಸಿನ ದಮನವನ್ನು ಕುರಿತ ತಮ್ಮ ಪುಸ್ತಕವನ್ನು ಫ್ರಾಯ್ಡರಿಗೆ ಕಳಿಸಿದರು, ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದರು, 1922ರಲ್ಲಿ ಇಂಡಿಯನ್ ಸೈಕೋಅನಲಿಟಿಕಲ್ ಸೊಸೈಟಿ ಕಟ್ಟಿದರು. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಈ ದೇಶದಲ್ಲಿ ಮುಂದೆ ಮನೋವಿಶ್ಲೇಷಣೆ ಕಲಿಯಬಂದವರು ಬೋಸರೆದುರು ತಮ್ಮನ್ನು ತೆರೆದುಕೊಂಡರು. ಬೋಸರಿಗೆ ಮಾತ್ರ ಎದುರು ಕೂರುವವರು ಯಾರೂ ಇರಲಿಲ್ಲ. ತಮ್ಮನ್ನು ತಾವೇ ನೋಡಿಕೊಳ್ಳಬೇಕಾಯಿತು. ಆ ಒಂಟಿತನದಲ್ಲೂ ಅವರು ಫ್ರಾಯ್ಡರಿಗಿಂತ ಬೇರೆಯಾಗಿ ಯೋಚಿಸುವ ಧೈರ್ಯ ಉಳಿಸಿಕೊಂಡು, ಭಾರತೀಯ ರೋಗಿಗಳಲ್ಲಿ ತಾವು ಕಂಡದ್ದನ್ನು ಫ್ರಾಯ್ಡರಿಗೇ ಬರೆದು ತಿಳಿಸಿದರು. ಇಂದಿನ ಡಿಪ್ಲೊಮಾ ವಿದ್ಯಾರ್ಥಿನಿಗೆ ಎದುರು ಕೂರಲು ಗುರುಗಳಿದ್ದಾರೆ, ಸಹಪಾಠಿಗಳಿದ್ದಾರೆ. ಬೋಸರಿಗೆ ಸಿಗದ ಭಾಗ್ಯ ಅದು. ಅದಕ್ಕಾಗಿ ಚಪ್ಪಾಳೆ ತಟ್ಟುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

‘ಹಿಂದೆ ಅಜ್ಜಿಯರು ಮಾಡ್ತಿದ್ದ ಕೆಲಸಕ್ಕೆ ಈಗ ಗೌನು, ಟೋಪಿ ಬೇಕೇ’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಅಜ್ಜಿಗೆ ಹೇಳಲಾಗದ್ದೇ ಸಮಾಲೋಚಕರ ಮುಂದೆ ಬರುತ್ತದೆ.

ನಾನು ಗೌರವಿಸುವ ಆಕ್ಷೇಪ ಬೇರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92. ಇಂಥ ದೇಶದಲ್ಲಿ ನಮಗೆ ಬೇಕಾಗಿರುವುದು ಬೇಗ ತಯಾರಾಗುವ ಸಾವಿರಾರು ಕಾರ್ಯಕರ್ತರು, ಆತ್ಮಶೋಧನೆಯಲ್ಲಿ ತೊಡಗಿದ ನೂರು ಮಂದಿಯಲ್ಲ ಎಂಬ ವಾದ. ಗೋವಾದ ‘ಸಂಗಾತ್’ ಸಂಸ್ಥೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮನಶ್ಶಾಸ್ತ್ರ ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಖಿನ್ನತೆಯಲ್ಲಿರುವವರಿಗೆ ಅವರಿಂದ ನಿಜವಾದ ನೆರವು ಸಿಗುತ್ತದೆಂದು ತೋರಿಸಿದ್ದಾರೆ. ಈ ವಾದವನ್ನು ತಳ್ಳಿಹಾಕಲು ನನ್ನಿಂದಾಗದು. ವಿದ್ಯಾರ್ಥಿಗಳು ತಾವೇ ಚಿಕಿತ್ಸೆಗೆ ಕೂತರೆ ಮುಂದೆ ಅವರ ಬಳಿ ಬರುವವರಿಗೆ ಹೆಚ್ಚು ಗುಣವಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲವೆಂಬುದನ್ನೂ ಒಪ್ಪಬೇಕು. ಆದರೆ ಗೋವಾದಲ್ಲಿ ನಡೆದದ್ದನ್ನು ಪೂರ್ತಿ ನೋಡಬೇಕು. ಅಲ್ಲಿನ ಸಮಾಲೋಚಕರು ತಮ್ಮ ಮಾತುಕತೆಯ ಧ್ವನಿಮುದ್ರಣವನ್ನು ಜೊತೆಗಾರರೆದುರು ಕೇಳಿಸಬೇಕಿತ್ತು. ಎಲ್ಲಿ ಅವಸರ ಮಾಡಿದೆ, ಎಲ್ಲಿ ಕೇಳಿಸಿಕೊಳ್ಳಲಿಲ್ಲ ಎಂಬುದಕ್ಕೆ ಅವರು ಅಂಕ ಹಾಕುತ್ತಿದ್ದರು. ತನ್ನ ದನಿಯನ್ನು ಹತ್ತು ಜನರ ನಡುವೆ ಕೂತು ಕೇಳುವುದಕ್ಕಿಂತ ಕಠಿಣವಾದ ಆತ್ಮಶೋಧನೆ ಇನ್ನೇನಿದೆ? ಅವಧಿ ಚಿಕ್ಕದಿರಲಿ, ದೊಡ್ಡದಿರಲಿ, ಅದನ್ನು ಬಿಟ್ಟು ಈ ಕೆಲಸ ಕಲಿಸಲು ಬರುವುದಿಲ್ಲ.

ನನ್ನ ಸಿಟ್ಟು ಬೇರೆ ಕಡೆಗಿದೆ. ಕೆಲವು ಸಂಸ್ಥೆಗಳು ಈ ಸಮಾರಂಭಗಳನ್ನು ಮುಂದಿನ ವರ್ಷದ ಪ್ರವೇಶದ ಜಾಹೀರಾತು ಮಾಡಿಕೊಳ್ಳುತ್ತವೆ. ವಿದ್ಯಾರ್ಥಿನಿ ವೇದಿಕೆಯಲ್ಲಿ ಅತ್ತದ್ದನ್ನು ಚಿತ್ರೀಕರಿಸಿ, ಹಿನ್ನೆಲೆಗೆ ಸಂಗೀತ ಸೇರಿಸಿ ಇನ್‌ಸ್ಟಾಗ್ರಾಮಿಗೆ ಹಾಕುತ್ತವೆ. ಬದುಕಿನಲ್ಲಿ ಹೆಚ್ಚು ನೊಂದವರೇ ಹೆಚ್ಚು ಒಳ್ಳೆಯ ಸಮಾಲೋಚಕರು ಎಂಬ ಸುಳ್ಳು ಹೀಗೆ ಹರಡುತ್ತದೆ. ಇದು ಕ್ರೌರ್ಯ. ಇನ್ನೊಬ್ಬರ ಗುಟ್ಟು ಕಾಯುವುದನ್ನು ಕಲಿಸುವವರು ಮೊದಲು ತಮ್ಮ ವಿದ್ಯಾರ್ಥಿಯ ಗುಟ್ಟು ಕಾಯಬೇಕು. ವೇದಿಕೆಯಲ್ಲಿ ಕೇಳಬೇಕಾದದ್ದು ಗಾಯದ ಕಥೆಯಲ್ಲ, ಕಲಿತ ನಡವಳಿಕೆಯ ಕಥೆ: ಏನನ್ನು ಮಾಡುತ್ತಿದ್ದೆ, ಈಗ ಏನನ್ನು ಮಾಡುವುದಿಲ್ಲ. ಮಗಳ ಮಾತಿನ ನಡುವೆ ಬಾಯಿ ಹಾಕದಿರುವುದು ಅಂಥದ್ದು. ಅದಕ್ಕೆ ಮಗಳೇ ಸಾಕ್ಷಿ.

ನಿಜವಾಗಿ ಬೆಳವಣಿಗೆಯನ್ನೇ ಸಂಭ್ರಮಿಸುವುದಾದರೆ ಇನ್ನೂ ಒಬ್ಬರನ್ನು ವೇದಿಕೆಗೆ ಕರೆಯಬೇಕು. ಪ್ರತಿ ತಂಡದಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ, ಕೋರ್ಸು ಮುಗಿಯುವ ಹೊತ್ತಿಗೆ ಈ ಕೆಲಸ ತಮಗಲ್ಲವೆಂದು ಅರ್ಥವಾದವರು. ಅವರು ಪರೀಕ್ಷೆ ಪಾಸು ಮಾಡಿರುತ್ತಾರೆ, ಶುಲ್ಕ ಕಟ್ಟಿರುತ್ತಾರೆ, ಮನೆಮುಂದೆ ಬೋರ್ಡು ಹಾಕಿದರೆ ಜನ ಬರುತ್ತಾರೆ. ಆದರೂ ಇನ್ನೊಬ್ಬರ ದುಃಖದೆದುರು ತಾನು ನಿಲ್ಲಲಾರೆ ಎಂದು ತಿಳಿದು, ಶಾಲೆಗೋ ಬ್ಯಾಂಕಿಗೋ ಹಿಂದಿರುಗುತ್ತಾರೆ. ಅವರ ಹೆಸರನ್ನು ಯಾವ ಸಮಾರಂಭದಲ್ಲೂ ಕೂಗಿದ್ದನ್ನು ನಾನು ಕೇಳಿಲ್ಲ. ನನ್ನ ಕೈಗೆ ಮೈಕು ಕೊಟ್ಟರೆ ಮೊದಲು ಕರೆಯುವುದು ಅವರನ್ನೇ.