ಸೊನ್ನೆ ಬೇರೆ, ‘ಗೊತ್ತಿಲ್ಲ’ ಬೇರೆ

ಬಾಂದ್ರಾ ಪಶ್ಚಿಮದ ಒಂದು ಹಳೆಯ ಗಾವಠಾಣದಲ್ಲಿ ನಾಲ್ಕು ವರ್ಷಗಳಿಂದ ಬಾಡಿಗೆಗಿದ್ದೇನೆ. ನಮ್ಮೂರ ಕಡೆ ಗ್ರಾಮಠಾಣಾ ಎನ್ನುವುದೇ ಇಲ್ಲಿ ಗಾವಠಾಣ. ರನ್ವಾರ್, ಚಿಂಬಾಯಿ, ಪಾಲಿ ಎಲ್ಲವೂ ಸುತ್ತ ನಗರ ಬೆಳೆಯುವ ಮೊದಲೇ ಇದ್ದ ಹಳ್ಳಿಗಳು. ಕೆಳಗಿನ ಮನೆಯಲ್ಲಿ ಮನೆಯೊಡತಿ ಆಂಟಿ, ಮೇಲೆ ನಾನು. ನನ್ನ ಕೋಣೆಗೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಒಂದು ಅಡುಗೆಕಟ್ಟೆ, ಬಚ್ಚಲು, ಬೇರೆ ವಿದ್ಯುತ್ ಮೀಟರ್. ಕೆಳಗಿನ ಮನೆ ಆಂಟಿಯ ಮಾವನ ತಂದೆ ಕಟ್ಟಿಸಿದ್ದು. ಮೇಲಿನದು ಯಾವಾಗ, ಯಾರ ಅನುಮತಿಯಿಂದ ಎದ್ದಿತು ಎಂಬುದಕ್ಕೆ ಆಂಟಿಯ ಬಳಿಯೂ ಕಾಗದವಿಲ್ಲ.

ಕಳೆದ ವರ್ಷ ಮಳೆಗಾಲಕ್ಕೆ ಮುನ್ನ ಗೋಡೆ, ಮಾಡು ದುರಸ್ತಿ ಮಾಡಿಸಲು ಆಂಟಿ ಮನೆಯ ಮೇಲೆ ಸಾಲ ಕೇಳಿದರು. ‘ಬಾಬಾ, ನೀನು ಕಂಪ್ಯೂಟರ್‌ನವನು, ಸ್ಕ್ಯಾನ್ ಮಾಡಿಕೊಡು’ ಎಂದು ಇಡೀ ಕಡತವನ್ನು ನನ್ನ ಕೈಗಿತ್ತರು. ಎರಡು ಕಡೆ ಅರ್ಜಿ ಹೋಯಿತು. ಎರಡು ಕಡೆಯಿಂದಲೂ ಮೌಲ್ಯಮಾಪಕರು ಬಂದರು.

ಮೊದಲನೆಯವರು ಟೇಪು ಹಿಡಿದು ಮೇಲೆ ಕೆಳಗೆ ಅಳೆದು, ಒಟ್ಟು ಚದರಡಿಗೆ ಬೆಲೆ ಕಟ್ಟಿದರು. ‘ಮಂಜೂರಾದ ನಕ್ಷೆಯಂತೆ ಇದೆಯೇ?’ ಎಂಬ ಕಾಲಂನಲ್ಲಿ ‘ಹೌದು’ ಎಂದು ಬರೆದರು. ಕಡತದಲ್ಲಿ ನಕ್ಷೆಯೇ ಇರಲಿಲ್ಲ; ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿದವನು ನಾನೇ. ಎರಡನೆಯವರು ಕೆಳಗಿನ ಮನೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರು. ಫೋಟೊದಲ್ಲಿ ಬಾಗಿಲಿನ ಮೇಲ್ಭಾಗ ಕತ್ತರಿಸಿಹೋಗಿತ್ತು. ‘ಅನಧಿಕೃತ ನಿರ್ಮಾಣವಿದೆಯೇ?’ ಎಂಬುದಕ್ಕೆ ‘ಇಲ್ಲ’ ಎಂಬ ಉತ್ತರ. ಆ ವರದಿಯನ್ನು ನಾನು ಓದಿದ್ದು ಅದರ ಪ್ರಕಾರ ಇಲ್ಲದೇ ಇರುವ ಕೋಣೆಯಲ್ಲಿ ಕುಳಿತು.

ಇಬ್ಬರೂ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಇಬ್ಬರ ಕೈಯಲ್ಲೂ ಇದ್ದ ನಮೂನೆಯಲ್ಲಿ ‘ಹೌದು’, ‘ಇಲ್ಲ’ ಎಂಬ ಎರಡೇ ಉತ್ತರಕ್ಕೆ ಜಾಗವಿತ್ತು. ಸಾಫ್ಟ್‌ವೇರ್‌ನವರಿಗೆ ಇದು ಹಳೆಯ ಪಾಠ: ಡೇಟಾಬೇಸ್‌ನಲ್ಲಿ ಸೊನ್ನೆ ಬೇರೆ, ಖಾಲಿ ಬೇರೆ. ಖಾತೆಯಲ್ಲಿ ಹಣವಿಲ್ಲ ಎನ್ನುವುದು ಒಂದು ಮಾತು, ಹಣ ಎಷ್ಟಿದೆಯೋ ತಿಳಿದಿಲ್ಲ ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಎಂದು ಬರೆದರೆ ಅದರ ಮೇಲೆ ಮಾಡುವ ಲೆಕ್ಕವೆಲ್ಲ ತಪ್ಪುತ್ತದೆ. ಅನುಮತಿ ಇದೆಯೋ ಇಲ್ಲವೋ ಖಚಿತವಿಲ್ಲದ ಕೋಣೆ, ಮಹಡಿ, ಔಟ್‌ಹೌಸ್‌ಗಳ ವಿಷಯದಲ್ಲಿ ಮೌಲ್ಯಮಾಪಕರು ಬರೆಯಬೇಕಾದ ಮೊದಲ ಮಾತು ‘ಗೊತ್ತಿಲ್ಲ, ಇಂಥ ಕಾಗದ ಕೇಳಿದೆ, ಇಂಥದ್ದು ಸಿಕ್ಕಲಿಲ್ಲ’ ಎಂಬುದು.

ಬಾಂದ್ರಾದಲ್ಲಿ ಈ ‘ಗೊತ್ತಿಲ್ಲ’ಕ್ಕೆ ಹೆಚ್ಚಿನ ತೂಕವಿದೆ. ಗಾವಠಾಣದ ಎಷ್ಟೋ ಮನೆಗಳು ಇಂದಿನ ಪರವಾನಗಿ ಪದ್ಧತಿಗಿಂತ ಹಳೆಯವು. ಅವುಗಳಿಗೆ ಒ.ಸಿ. ಎಂಬುದು ಎಂದೂ ಇರಲಿಲ್ಲ. 1964ರ ಏಪ್ರಿಲ್ 17ಕ್ಕಿಂತ ಹಿಂದಿನ ವಸತಿ ಕಟ್ಟಡಗಳನ್ನು ಮುಂಬೈ ಮಹಾನಗರ ಪಾಲಿಕೆ ‘ಸಹಿಸಿಕೊಂಡ’ ಕಟ್ಟಡಗಳೆಂದು ಪರಿಗಣಿಸುತ್ತದೆ. ಆದ್ದರಿಂದ ಒ.ಸಿ. ಇಲ್ಲವೆಂದ ಮಾತ್ರಕ್ಕೆ ಮನೆ ಅಕ್ರಮವಾಗದು. ಹಾಗೆಯೇ ತೆರಿಗೆ ಬಿಲ್ಲಿದೆ ಎಂದ ಮಾತ್ರಕ್ಕೆ ಸಕ್ರಮವೂ ಆಗದು. ಪಾಲಿಕೆ ಕಾಯ್ದೆಯ 152ಎ ಕಲಂ ಅಕ್ರಮ ಕಟ್ಟಡಕ್ಕೂ ದಂಡ ಸೇರಿಸಿ ತೆರಿಗೆ ವಸೂಲಿ ಮಾಡಲು ಅವಕಾಶ ಕೊಡುತ್ತದೆ. ಆ ವಸೂಲಿಯನ್ನು ಸಕ್ರಮವೆಂದು ತಿಳಿಯಬಾರದು ಎಂದೂ ಹೇಳುತ್ತದೆ. ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡ್, ಹಳೆಯ ತೆರಿಗೆ ದಾಖಲೆಯ ನಕಲು, ಹಿಂದಿನ ದುರಸ್ತಿ ಪರವಾನಗಿ ಎಲ್ಲವನ್ನೂ ಜೋಡಿಸಿ ನೋಡಿದರಷ್ಟೇ ಯಾವ ಭಾಗ ಯಾವ ಕಾಲದ್ದು ಎಂಬ ಅಂದಾಜು ಸಿಗುತ್ತದೆ.

ಮೇಲಿನ ಕೋಣೆಯನ್ನೂ ಸೇರಿಸಿ ಪೂರ್ತಿ ಬೆಲೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ವರ್ಲಿಯ ಕ್ಯಾಂಪಾ ಕೋಲಾ ಕಾಂಪೌಂಡ್ ಸಾಕ್ಷಿ. 1980ರ ದಶಕದಲ್ಲಿ ಅನುಮತಿಗಿಂತ ಹೆಚ್ಚಿಗೆ ಎದ್ದ ಮಹಡಿಗಳಲ್ಲಿ ಜನ ಫ್ಲ್ಯಾಟ್ ಕೊಂಡು ದಶಕಗಳ ಕಾಲ ಬಾಳಿದರು. 2013ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಮನವಿಯನ್ನು ತಳ್ಳಿಹಾಕಿತು. 2024ರ ಡಿಸೆಂಬರ್ 17ರಂದು ಮೀರತ್‌ನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಒ.ಸಿ. ಪರಿಶೀಲಿಸಿದ ನಂತರವೇ ಕಟ್ಟಡದ ಮೇಲೆ ಸಾಲ ಕೊಡಿ ಎಂದು ಬ್ಯಾಂಕುಗಳಿಗೆ ನಿರ್ದೇಶಿಸಿದೆ. ಸುಳ್ಳು ‘ಹೌದು’ ಇನ್ನು ಮುಂದೆ ಬ್ಯಾಂಕಿಗೂ ದುಬಾರಿ.

ಕೋಣೆಯನ್ನೇ ಮರೆಮಾಚಿದ ಎರಡನೆಯ ವರದಿ ಎಚ್ಚರಿಕೆಯದ್ದು ಎಂದು ಕಾಣಬಹುದು. ನನಗೆ ಅದೇ ಹೆಚ್ಚು ಅಪಾಯಕಾರಿ. ಹಳೆಯ ಗೋಡೆ ಒಂದು ಮಾಡನ್ನಷ್ಟೇ ಹೊತ್ತಿದೆ ಎಂದು ಆ ವರದಿ ನಂಬಿಸುತ್ತದೆ. ನಿಜಕ್ಕೂ ಅದು ಇನ್ನೊಂದು ಕೋಣೆಯನ್ನೂ ನೀರಿನ ಟ್ಯಾಂಕನ್ನೂ ನನ್ನನ್ನೂ ಹೊತ್ತಿದೆ. ಬಾಂದ್ರಾ ಪೂರ್ವದ ಬೆಹ್ರಾಮ್‌ಪಾಡಾದಲ್ಲಿ ಕೊಳೆಗೇರಿ ಮನೆಗಳಿಗೆ 14 ಅಡಿ ಎತ್ತರದ ಮಿತಿಯಿದ್ದರೂ ಮಹಡಿಯ ಮೇಲೆ ಮಹಡಿ ಏರಿದವು. 2016ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಟ್ಟಡವೊಂದು ಕುಸಿದು ಜೀವಗಳು ಹೋದವು. ಕಾಗದದಲ್ಲಿ ಇಲ್ಲದ ಮಹಡಿ ಬೀಳುವಾಗ ಕಾಗದ ನೋಡಿ ಬೀಳುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಒಂದು, ಇರುವುದನ್ನೆಲ್ಲ ಅಳೆದು, ಫೋಟೊ ತೆಗೆದು ವರದಿಯಲ್ಲಿ ಹಾಕಬೇಕು. ಬೇರೆ ಮೆಟ್ಟಿಲು, ಅಡುಗೆಕಟ್ಟೆ, ಮೀಟರ್ ಇದ್ದರೆ ಅದನ್ನೂ ಹೇಳಬೇಕು. ಎರಡು, ಯಾವ ದಾಖಲೆ ಕೇಳಿದೆ, ಯಾವುದನ್ನು ಕಣ್ಣಾರೆ ಕಂಡೆ, ಯಾವುದು ಮಾಲೀಕರ ಬಾಯಿಮಾತು ಎಂಬುದನ್ನು ಬಿಡಿಸಿ ಬರೆಯಬೇಕು. ಮೂರು, ಬೆಲೆಯನ್ನು ಎರಡು ಸಾಲಿನಲ್ಲಿ ಕೊಡಬೇಕು: ಆಧಾರ ಸಿಕ್ಕ ಭಾಗದ್ದು ಒಂದು, ಆಧಾರ ಸಿಗದ ಭಾಗದ್ದು ಇನ್ನೊಂದು. ಎರಡನೆಯದರ ಎದುರು ಕೆಡವಬೇಕಾದರೆ ಆಗುವ ಖರ್ಚೂ ಇರಲಿ. ಸಕ್ರಮದ ದಾರಿಯಿದೆಯೇ ಎಂಬುದೂ ಇರಲಿ; ಮಹಾರಾಷ್ಟ್ರ 2017ರಲ್ಲಿ ಎಂಆರ್‌ಟಿಪಿ ಕಾಯ್ದೆಗೆ 52ಎ ಕಲಂ ಸೇರಿಸಿ, 2015ರ ಅಂತ್ಯದೊಳಗಿನ ಕೆಲವು ನಿರ್ಮಾಣಗಳಿಗೆ ಅಂಥ ದಾರಿ ತೆರೆದಿತ್ತು. ನಾಲ್ಕು, ಬಿರುಕು, ತುಕ್ಕು, ಬಾಗಿದ ತೊಲೆ ಕಂಡರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಲಿ ಎಂದು ಸೂಚಿಸಬೇಕು.

ಮೌಲ್ಯಮಾಪಕರು ಪೊಲೀಸರಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ. ಪಾಲಿಕೆಗೆ ದೂರು ಕೊಡುವುದು, ಅಕ್ರಮವೆಂದು ತೀರ್ಪು ಹೇಳುವುದು ಅವರ ಕೆಲಸವಲ್ಲ. ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವರದೇ ಕೆಲಸ. ಅಮೆರಿಕದಲ್ಲಿ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮ ಇಷ್ಟನ್ನೇ ಕೇಳುತ್ತದೆ: ಪರವಾನಗಿಯಿಲ್ಲದ ಸೇರ್ಪಡೆ ಕಂಡರೆ ಕೆಲಸದ ಗುಣಮಟ್ಟ ಹೇಗಿದೆ, ಬೆಲೆಯ ಮೇಲೆ ಪರಿಣಾಮವೇನು ಎಂದು ಬರೆಯಿರಿ.

ಇನ್ನೊಂದು ಅಡ್ಡಿ ಹೊಟ್ಟೆಪಾಡಿನದು. ‘ಗೊತ್ತಿಲ್ಲ’ ಎಂದು ಬರೆದವರಿಗೆ ಮುಂದಿನ ಕೆಲಸ ಸಿಗದು ಎಂಬ ಭಯ. ಅದನ್ನು ಮೌಲ್ಯಮಾಪಕರೊಬ್ಬರೇ ನೀಗಲಾರರು. ನಮೂನೆಯನ್ನು ಬ್ಯಾಂಕುಗಳು ಬದಲಿಸಬೇಕು. ರಾಷ್ಟ್ರೀಯ ವಸತಿ ಬ್ಯಾಂಕ್ ಮತ್ತು ಭಾರತೀಯ ಬ್ಯಾಂಕುಗಳ ಸಂಘ 2011ರಲ್ಲೇ ಸ್ಥಿರಾಸ್ತಿ ಮೌಲ್ಯಮಾಪನಕ್ಕೆ ಕೈಪಿಡಿ ತಂದಿವೆ. ಎಲ್ಲ ನಮೂನೆಗಳಲ್ಲೂ ಮೂರನೆಯ ಉತ್ತರಕ್ಕೊಂದು ಚೌಕ ಸೇರಿಸುವುದು ದೊಡ್ಡ ಸುಧಾರಣೆಯೇನಲ್ಲ.

ಇದು ಮುಂಬೈಯ ಮಾತಷ್ಟೇ ಎಂದು ಬೆಂಗಳೂರಿನಲ್ಲಿ ಕುಳಿತವರು ತಿಳಿಯಬೇಕಿಲ್ಲ. ಬಿ ಖಾತಾ ಮನೆಗಳು, ಮೂರು ಮಹಡಿಗೆ ನಕ್ಷೆ ಪಡೆದು ಐದು ಕಟ್ಟಿದ ಪಿ.ಜಿ.ಗಳು, ಟೆರೇಸ್ ಮೇಲಿನ ಶೀಟಿನ ಕೋಣೆಗಳು ನಮಗೆ ಹೊಸತೇ? ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಇಂದಲ್ಲ ನಾಳೆ ಸಕ್ರಮವಾದೀತೆಂಬ ಆಸೆಯನ್ನೇ ಬೆಲೆಯಾಗಿ ಬರೆಯುವ ರೂಢಿ ಮಾತ್ರ ನಿಂತಿಲ್ಲ.

ಆಂಟಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಜ ಬರೆಸಿದರೆ ನಿನ್ನ ಕೋಣೆ ಹೋಗುತ್ತದಾ?’ ನನ್ನ ಬಳಿ ಉತ್ತರವಿರಲಿಲ್ಲ. ಹೋದರೆ ಇಷ್ಟು ಬಾಡಿಗೆಗೆ ಬಾಂದ್ರಾದಲ್ಲಿ ನನಗೆ ಬೇರೆ ಜಾಗ ಸಿಗದು, ಅವರಿಗೆ ತಿಂಗಳ ವರಮಾನ ತಪ್ಪುತ್ತದೆ. ಆದರೂ ಮೂರನೆಯ ಅರ್ಜಿಯಲ್ಲಿ ಮೇಲಿನ ಕೋಣೆಗೆ ಕಾಗದ ಸಿಕ್ಕಿಲ್ಲ ಎಂದು ನಾವೇ ಬರೆದುಕೊಟ್ಟೆವು. ಕೆಳಗಿನ ಮನೆಯ ಲೆಕ್ಕದಲ್ಲಿ ಸಾಲ ಮಂಜೂರಾಯಿತು. ಕೇಳಿದ್ದಕ್ಕಿಂತ ಕಡಿಮೆ, ಗೋಡೆಗೆ ಸಾಕು, ಮಾಡಿಗೆ ಸಾಲದು. ಆ ಹಣದಲ್ಲಿ ಮೊದಲ ಖರ್ಚು ಎಂಜಿನಿಯರ್ ಅವರ ಶುಲ್ಕ. ಗೋಡೆ ನನ್ನ ಕೋಣೆಯನ್ನು ಹೊರುತ್ತದೆಯೇ ಎಂದು ನೋಡಲು ಅವರು ಮುಂದಿನ ಭಾನುವಾರ ಬರುತ್ತಾರೆ. ಅವರ ವರದಿಯಲ್ಲಿ ಏನೇ ಇರಲಿ, ನನ್ನ ಕೋಣೆಯ ಹೆಸರಂತೂ ಇರುತ್ತದೆ.