ಗಾಳಿಯಲ್ಲೂ ಟ್ರಾಫಿಕ್ ಜಾಮ್!

ಬಸ್ ಸ್ಟ್ಯಾಂಡ್ ಎದುರಿನ ಅಂಗಡಿ ಸಾಲಿನಲ್ಲಿ ನಿಂತು ಮೊಬೈಲಿನ ವೈಫೈ ಪಟ್ಟಿ ತೆರೆದು ನೋಡಿ ಸ್ವಾಮಿ. ಬೇಕರಿಯದ್ದೊಂದು, ಮೆಡಿಕಲ್ಸಿನದ್ದೊಂದು, ಜೆರಾಕ್ಸ್ ಅಂಗಡಿಯದ್ದೊಂದು... ಬೆರಳು ನೋಯುವಷ್ಟು ಹೆಸರು! ಆದರೆ ಸಂಜೆ ಆರಕ್ಕೆ ಅಂಗಡಿಯ ವೈಫೈ ಹಿಡಿದು ಹತ್ತು ರೂಪಾಯಿ ಕಳಿಸಲು ಹೊರಟ ಗಿರಾಕಿಯ ಮುಂದೆ ಬರೀ ಚಕ್ರ ತಿರುಗುತ್ತದೆ. "ಬಂತೇನ್ರೀ?" "ಇನ್ನೂ ಇಲ್ಲ." ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿಯಾಯಿತು.

ಎಲ್ಲರೂ ಬೈಯುವುದು ಕಂಪನಿಯನ್ನೇ. ಕಂಪನಿಗಳೇನೂ ಸಾಚಾ ಅಲ್ಲ. ಆದರೆ ನಮ್ಮ ಪೆಟ್ಟಿಗೆಗಳ ಜಗಳವನ್ನು ಬಿಡಿಸುವವರು ಯಾರು? 2.4 ಗಿಗಾಹರ್ಟ್ಸ್ ವೈಫೈಯಲ್ಲಿ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದೆ ಜೊತೆಗಿರಬಲ್ಲವು ಮೂರೇ: 1, 6, 11. ಒಂದೇ ಚಾನೆಲ್ಲಿನ ಪೆಟ್ಟಿಗೆಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿ ಕಾಯುತ್ತವೆ, ಹೇಗೋ ಸಾಗುತ್ತದೆ. ಯಾರೋ ಬುದ್ಧಿವಂತರು 3ಕ್ಕೋ 4ಕ್ಕೋ ಇಟ್ಟರೆ ಮಾತ್ರ ಎರಡೂ ಕಡೆಯವರಿಗೆ ಬರೀ ಗದ್ದಲ. ಪವರ್ ಏರಿಸಿದರೂ ಪ್ರಯೋಜನವಿಲ್ಲ. ಪೆಟ್ಟಿಗೆ ಕೂಗಿದ್ದು ಫೋನಿಗೆ ಕೇಳಿಸೀತು, ಫೋನಿನ ಸಣ್ಣ ದನಿ ಪೆಟ್ಟಿಗೆಗೆ ಮುಟ್ಟಬೇಕಲ್ಲ!

ಅಂಗಡಿ ಉದ್ದವಿದ್ದವರು, ಮೇಲೆ ಗೋಡೌನ್ ಇದ್ದವರು ಎಕ್ಸ್‌ಟೆಂಡರ್ ತಂದು ಸಿಕ್ಕಿಸುತ್ತಾರೆ. ಒಂದೇ ರೇಡಿಯೋದ ಎಕ್ಸ್‌ಟೆಂಡರ್ ಬಂದದ್ದನ್ನೇ ಮತ್ತೊಮ್ಮೆ ಗಾಳಿಗೆ ಬಿಡುವುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಅದರ ಬದಲು ಒಂದು ವೈರ್ ಎಳೆಸಿ. ಎರಡನೇ ಪೆಟ್ಟಿಗೆಯ ಲ್ಯಾನ್ ಕಿಂಡಿಗೆ ಕೊಡಿ, ಅದಕ್ಕೆ ಬೇರೆ ಐಪಿ ವಿಳಾಸ ಕೊಟ್ಟು ಡಿಎಚ್‌ಸಿಪಿ ಬಂದ್ ಮಾಡಿ. ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ. ನಡೆದಾಡುವಾಗ ಫೋನೇ ಪೆಟ್ಟಿಗೆ ಬದಲಿಸಿಕೊಳ್ಳುತ್ತದೆ. ಗಿರಾಕಿಗಳಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ. ಬಿಲ್ಲಿಂಗ್ ಕಂಪ್ಯೂಟರ್ ಇರುವ ಕಡೆಗೇ ಊರವರನ್ನೆಲ್ಲ ಬಿಡ್ತೀರಾ?

ನಾಲ್ಕು ಅಂಗಡಿಯವರು ಸೇರಿ ಎರಡು ಕಂಪನಿಯ ಲೈನ್ ತಗೊಂಡು, ಎರಡು ವ್ಯಾನ್ ಕಿಂಡಿಯ ರೂಟರ್‌ಗೆ ಕೊಟ್ಟರೆ ಹೊರೆ ಹಂಚಿಹೋಗುತ್ತದೆ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ. ಪ್ರಯಾಣಿಕರಿಗೂ ಮಾರುವ ಮನಸ್ಸಿದ್ದರೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಿದೆ. ಅಂಗಡಿಯವನಿಗೆ ಲೈಸೆನ್ಸ್ ಬೇಡ, ಲೈಸೆನ್ಸ್ ಶುಲ್ಕವೂ ಇಲ್ಲ. ಈ ವಿಷಯ ನಮ್ಮ ಪೇಟೆಯಲ್ಲಿ ಎಷ್ಟು ಜನರಿಗೆ ಗೊತ್ತು?

ಬೋರ್ಡಿನ ಎತ್ತರಕ್ಕೆ, ಫುಟ್‌ಪಾತಿನ ಗೇಣು ಜಾಗಕ್ಕೆ ಸಭೆ ಕರೆಯುವ ವರ್ತಕ ಮುಖಂಡರು ಒಂದು ಸಂಜೆ ಇದಕ್ಕೂ ಕೂರಲಿ. ಯಾವ ಅಂಗಡಿಗೆ 1, ಯಾವುದಕ್ಕೆ 6, ಯಾವುದಕ್ಕೆ 11 ಎಂದು ಬರೆದು ಗೋಡೆಗೆ ಅಂಟಿಸಲು ಒಂದು ಹಾಳೆ ಸಾಕು.