ಉಪ್ಪು ತಿಂದ ಕಾರು, ನೀರು ಕುಡಿಯುವವರು ಯಾರು?

2020ರ ಡಿಸೆಂಬರಿನಲ್ಲಿ ಹೋಂಡಾ ಕಂಪನಿ ಜಗತ್ತಿನಾದ್ಯಂತ ಸುಮಾರು 18 ಲಕ್ಷ ವಾಹನಗಳಿಗೆ ರೀಕಾಲ್ ಘೋಷಿಸಿತು. ಕಿಟಕಿಯ ಸ್ವಿಚ್ಚು, ಸಾಫ್ಟ್‌ವೇರ್ ಎಂದು ಕಾರಣಗಳು ಹಲವು. ಆ ಪಟ್ಟಿಯಲ್ಲಿ ಅಮೆರಿಕದ ಸುಮಾರು 4.3 ಲಕ್ಷ ಕಾರುಗಳ ಕಾಯಿಲೆ ಮಾತ್ರ ಬೇರೆ ಬಗೆಯದು. ಅವುಗಳ ಡ್ರೈವ್ ಶಾಫ್ಟ್ ತುಕ್ಕು ಹಿಡಿದು ಮುರಿಯಬಹುದಿತ್ತು. ಅಕಾರ್ಡ್, ಸಿವಿಕ್ ಹೈಬ್ರಿಡ್ ಜೊತೆಗೆ 2007ರಿಂದ 2014ರವರೆಗಿನ ಫಿಟ್ ಕಾರುಗಳೂ ಅದರಲ್ಲಿದ್ದವು. ಫಿಟ್ ಎಂದರೆ ನಮ್ಮಲ್ಲಿ ಜಾಝ್ ಎಂಬ ಹೆಸರಿನಲ್ಲಿ ಮಾರಾಟವಾದ ಕಾರೇ. ಕರೆ ಹೋದದ್ದು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಿಗೆ ಮಾತ್ರ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಪಟ್ಟಿಯಲ್ಲಿದ್ದ ಹಳೆಯ ಕಾರುಗಳಿಗೆ ಆಗಲೇ ಹದಿಮೂರು ವರ್ಷ ತುಂಬಿತ್ತು.

ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಎಡಕ್ಕೊಂದು ಬಲಕ್ಕೊಂದು ಶಾಫ್ಟ್ ಹೊರಟು ಚಕ್ರಗಳನ್ನು ತಿರುಗಿಸುತ್ತದೆ. ಹೆಬ್ಬೆರಳಿಗಿಂತ ತುಸು ದಪ್ಪನೆಯ ಉಕ್ಕಿನ ಸರಳು ಅದು. ಅದರ ತುದಿಯ ಜಾಯಿಂಟ್ ಸವೆದರೆ ತಿರುವಿನಲ್ಲಿ ಟಕಟಕ ಸದ್ದು ಬರುತ್ತದೆ, ಯಾವ ಮೆಕ್ಯಾನಿಕ್ಕಾದರೂ ಕೇಳಿದ ಕೂಡಲೇ ಹೇಳುತ್ತಾನೆ. ಸರಳಿಗೇ ತುಕ್ಕು ಹಿಡಿದರೆ ಇಂಥ ಮುನ್ಸೂಚನೆಯನ್ನು ನೆಚ್ಚುವಂತಿಲ್ಲ. ಮೇಲಿನ ಬಣ್ಣ ಎದ್ದ ಕಡೆ ಉಪ್ಪುನೀರು ಇಳಿದು ಸಣ್ಣ ಗುಳಿ ಬೀಳುತ್ತದೆ. ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗಲೂ ತಿರುಚುವ ಒತ್ತಡವೆಲ್ಲ ಆ ಗುಳಿಯ ಅಂಚಿಗೆ ಬಂದು ಸೇರುತ್ತದೆ. ಗುಳಿ ಬಿರುಕಾಗುತ್ತದೆ, ಬಿರುಕು ಬೆಳೆಯುತ್ತದೆ, ಒಂದು ದಿನ ಶಾಫ್ಟ್ ತುಂಡಾಗುತ್ತದೆ. ಎಂಜಿನ್ ಅಬ್ಬರಿಸುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಹೆದ್ದಾರಿಯ ನಡುವೆ ಹೀಗಾದರೆ ಹಿಂದೆ ಬರುವವನಿಗೆ ಬ್ರೇಕ್ ಒತ್ತಲು ಸಿಗುವ ಸಮಯ ಎಷ್ಟು?

ಇನ್ನೊಂದು ಅಪಾಯ ಹಲವರಿಗೆ ಹೊಳೆಯುವುದಿಲ್ಲ. ಆಟೊಮ್ಯಾಟಿಕ್ ಕಾರನ್ನು ‘ಪಿ’ಗೆ ಹಾಕಿದಾಗ ಬೀಳುವ ಬೀಗ ಇರುವುದು ಗೇರ್‌ಬಾಕ್ಸಿನ ಒಳಗೆ. ಚಕ್ರಕ್ಕೂ ಆ ಬೀಗಕ್ಕೂ ನಡುವಿನ ಕೊಂಡಿಯೇ ಈ ಶಾಫ್ಟ್. ಅದು ಮುರಿದಿದ್ದರೆ, ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ತಾನಾಗಿ ಉರುಳುತ್ತದೆ.

ಇದಕ್ಕೆಲ್ಲ ಕಾರಣ ಉಪ್ಪು. ಮಂಜು ಕರಗಿಸಲು ಅಮೆರಿಕದ ಉತ್ತರದ ರಾಜ್ಯಗಳು ರಸ್ತೆಗೆ ಉಪ್ಪು ಚೆಲ್ಲುವುದು ಇಂದು ನಿನ್ನೆಯ ಮಾತಲ್ಲ, ಎಂಟು ದಶಕಗಳ ಅಭ್ಯಾಸ. ಕಾರು ಉದ್ಯಮದ ರಾಜಧಾನಿ ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ದೊಡ್ಡದೊಂದು ಉಪ್ಪಿನ ಗಣಿಯಿದೆ. ಅಲ್ಲಿಂದ ತೆಗೆದ ಉಪ್ಪು ರಸ್ತೆಗೇ ಹೋಗುತ್ತದೆ. ಕಾರು ಮಾಡುವವರಿಗೆ ಉಪ್ಪಿನ ಗುಣ ಗೊತ್ತಿರಲಿಲ್ಲ ಎಂದರೆ ನಂಬುವವರು ಯಾರು? ಈಚೆಗೆ ಸಾಮಾನ್ಯ ಉಪ್ಪಿನ ಜೊತೆಗೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಷಿಯಂ ಕ್ಲೋರೈಡ್ ಬಳಕೆಯೂ ಇದೆ. ಇವು ಗಾಳಿಯ ತೇವ ಹೀರಿಕೊಂಡು ಲೋಹದ ಮೇಲೆ ಒದ್ದೆಯಾಗಿಯೇ ಕೂರುತ್ತವೆ. 2018ರಲ್ಲಿ ಟೆಸ್ಲಾ ತನ್ನ 1.23 ಲಕ್ಷ ಮಾಡೆಲ್ ಎಸ್ ಕಾರುಗಳ ಪವರ್ ಸ್ಟೀರಿಂಗ್ ಬೋಲ್ಟ್ ಬದಲಿಸಲು ಮುಂದಾದಾಗ ಈ ಲವಣಗಳನ್ನೇ ಹೆಸರಿಸಿತ್ತು. ಕಾರು ಹೊಸ ಯುಗದ್ದಾದರೂ ಬೋಲ್ಟನ್ನು ಕಾಡುವುದು ಹಳೆಯ ತೊಂದರೆಯೇ ತಾನೆ.

ತುಕ್ಕಿನ ವಿಷಯದಲ್ಲಿ ಕಂಪನಿಗಳ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: ವಯಸ್ಸಾಯಿತು, ನಿರ್ವಹಣೆ ಸರಿಯಿಲ್ಲ. ಸರ್ಕಾರಿ ಸಂಸ್ಥೆಯೂ ಕೆಲವೊಮ್ಮೆ ಇದಕ್ಕೆ ತಲೆದೂಗಿದೆ. ಜನರಲ್ ಮೋಟಾರ್ಸ್‌ನ ಸುಮಾರು 50 ಲಕ್ಷ ಪಿಕಪ್, ಎಸ್‌ಯುವಿಗಳ ಬ್ರೇಕ್ ಪೈಪು ತುಕ್ಕು ಹಿಡಿಯುವ ದೂರನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ವರ್ಷಗಟ್ಟಲೆ ತನಿಖೆ ಮಾಡಿತು. 2015ರ ಏಪ್ರಿಲ್‌ನಲ್ಲಿ ಕಡತ ಮುಚ್ಚುವಾಗ ರೀಕಾಲ್ ಬೇಡವೆಂದಿತು. ಚಳಿಗಾಲದಲ್ಲಿ ಗಾಡಿಯ ತಳ ತೊಳೆದುಕೊಳ್ಳಿ ಎಂದು ಮಾಲೀಕರಿಗೆ ಸಲಹೆ ಕೊಟ್ಟಿತು. ಅದಕ್ಕೆ ಒಂದು ವರ್ಷ ಮುಂಚೆ ಸುಬಾರು ಕಂಪನಿ ಇದೇ ಬ್ರೇಕ್ ಪೈಪಿನ ತುಕ್ಕಿಗಾಗಿ 6.6 ಲಕ್ಷ ಕಾರುಗಳನ್ನು ಕರೆಸಿಕೊಂಡಿತ್ತು. ಇಂಧನ ಟ್ಯಾಂಕಿನ ಹೊದಿಕೆಯ ಸಂದಿನಿಂದ ಉಪ್ಪುನೀರು ಪೈಪಿನ ಮೇಲೆ ಸಿಡಿಯುತ್ತಿತ್ತು. ಏಳು ಅಥವಾ ಹೆಚ್ಚು ಚಳಿಗಾಲ ಕಳೆದ ಮೇಲೆ ಪೈಪು ಸೋರಬಹುದಿತ್ತು.

ತಳ ತೊಳೆಯುವುದು ಒಳ್ಳೆಯ ಅಭ್ಯಾಸವೇ, ಅದರಲ್ಲಿ ತಕರಾರಿಲ್ಲ. ಆದರೆ ಹೊದಿಕೆಯ ಹಿಂದೆ ಅಡಗಿದ ಪೈಪನ್ನಾಗಲಿ, ಶಾಫ್ಟಿಗೆ ತೊಡಿಸಿದ, ಅದುರುವಿಕೆ ತಗ್ಗಿಸುವ ರಬ್ಬರ್ ಡ್ಯಾಂಪರ್ ಕೆಳಗಿನ ಸರಳನ್ನಾಗಲಿ ಮಾಲೀಕ ಹೇಗೆ ತೊಳೆದಾನು? ಕಣ್ಣಿಗೆ ಬೀಳುವ ಬಾಗಿಲಿನ ತುಕ್ಕು ಅವನ ಪಾಲಿಗಿರಲಿ. ಕಾಣದ ಜಾಗದಲ್ಲಿ, ಮುರಿದರೆ ಪ್ರಾಣಕ್ಕೆ ಎರವಾಗುವ ಭಾಗಕ್ಕೆ ಹಿಡಿದ ತುಕ್ಕು ವಿನ್ಯಾಸದ ಪಾಲಿಗೇ ಸೇರಬೇಕು.

ಕಂಪನಿಗಳು ಮನಸ್ಸು ಮಾಡಿದರೆ, ಅಥವಾ ಕೋರ್ಟು ಮನಸ್ಸು ಮಾಡಿಸಿದರೆ, ಹೊಣೆ ಹೊರಬಲ್ಲವು. ಟೊಯೋಟಾದ ಟಕೋಮಾ ಪಿಕಪ್‌ಗಳ ಚಾಸಿಯೇ ತೂತಾಗತೊಡಗಿದಾಗ 2008ರಲ್ಲಿ ಕಂಪನಿ ತೀರಾ ಹಾಳಾದ ಗಾಡಿಗಳನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ಮರಳಿ ಕೊಂಡಿತು. ಮುಂದೆ 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳ ಮಾಲೀಕರು ಹೂಡಿದ್ದ ಮೊಕದ್ದಮೆಯನ್ನು 340 ಕೋಟಿ ಡಾಲರ್‌ವರೆಗಿನ ಒಪ್ಪಂದದಲ್ಲಿ ಮುಗಿಸಿಕೊಂಡಿತು.

ಉಪ್ಪಿನ ರಾಜ್ಯಗಳಿಗಷ್ಟೇ ಸೀಮಿತವಾದ ರೀಕಾಲ್ ಪದ್ಧತಿಗೆ ಅಮೆರಿಕದಲ್ಲೇ ವಿರೋಧವಿದೆ. ಕಾರಿಗೆ ಚಕ್ರವಿದೆ, ಅದು ರಾಜ್ಯದ ಗಡಿ ನೋಡಿ ಓಡುವುದಿಲ್ಲ. ಫ್ಲೋರಿಡಾದ ನೋಂದಣಿಯಿರುವ ಕಾರು ಪ್ರತಿ ಚಳಿಗಾಲ ಒಹಾಯೊದಲ್ಲಿ ಕಳೆದರೆ ಆ ಪಟ್ಟಿಗೆ ಸಿಗದೇ ಹೋಗಬಹುದು. ಸೆಂಟರ್ ಫಾರ್ ಆಟೊ ಸೇಫ್ಟಿ ಎಂಬ ಗ್ರಾಹಕ ಸಂಘಟನೆ ಇದರ ವಿರುದ್ಧ ಕೋರ್ಟಿಗೂ ಹೋಗಿ, 2006ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಅಷ್ಟಾದರೂ ಆ ದೇಶದ ಕಾನೂನಿನಲ್ಲಿ ಒಂದು ಗಟ್ಟಿ ಅಂಶವಿದೆ. ದೋಷವನ್ನು ಉಚಿತವಾಗಿ ಸರಿಪಡಿಸಿಕೊಡಬೇಕಾದ ಅವಧಿಯನ್ನು 2000ದಲ್ಲಿ ಎಂಟರಿಂದ ಹತ್ತು ವರ್ಷಕ್ಕೂ, 2015ರಲ್ಲಿ ಹದಿನೈದು ವರ್ಷಕ್ಕೂ ಏರಿಸಲಾಯಿತು.

ಭಾರತದ ಲೆಕ್ಕ ಇಲ್ಲಿಯೇ ತಪ್ಪಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110-ಎ ಸೆಕ್ಷನ್ ಸೇರಿ, ದೋಷವಿರುವ ವಾಹನಗಳನ್ನು ವಾಪಸು ಕರೆಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. ಅದುವರೆಗೆ ಇದ್ದದ್ದು 2012ರಿಂದ ಕಂಪನಿಗಳು ತಾವಾಗಿ ಪಾಲಿಸುತ್ತಿದ್ದ ಸಂಹಿತೆ ಮಾತ್ರ. ಆದರೆ 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಏಳು ವರ್ಷ ದಾಟದ ವಾಹನಗಳಿಗೆ ಮಾತ್ರ ಅನ್ವಯ. ಅತ್ತ ಸುಬಾರು ಕಾರಿನ ಪೈಪು ಸೋರಲು ಶುರುವಾಗುವ ಹೊತ್ತಿಗೆ ಇತ್ತ ನಮ್ಮ ನಿಯಮದ ಆಯುಸ್ಸೇ ಮುಗಿದಿರುತ್ತದೆ. ಹೋಂಡಾದ ಹದಿಮೂರು ವರ್ಷದ ಫಿಟ್ ಅಂತೂ ಲೆಕ್ಕಕ್ಕೇ ಇಲ್ಲ.

ನಮ್ಮಲ್ಲಿ ಮಂಜೆಲ್ಲಿ ಬೀಳುತ್ತದೆ ಎಂದು ಕೇಳುವವರು ಒಮ್ಮೆ ಮರವಂತೆಗೆ ಹೋಗಬೇಕು. ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಕಾರವಾರದಿಂದ ಮಂಗಳೂರಿನವರೆಗೆ ಉಪ್ಪುಗಾಳಿ ವರ್ಷವಿಡೀ ಬೀಸುತ್ತದೆ, ಮೇಲಿಂದ ನಾಲ್ಕು ತಿಂಗಳ ಮಳೆ. ಸಾಲದ್ದಕ್ಕೆ ಮೀನಿನ ಲಾರಿಗಳಿಂದ ರಸ್ತೆಗೆ ಸುರಿಯುವ ನೀರು ಬೇರೆ. ಕಾರಿನ ತಳಕ್ಕೆ ಕೋಟಿಂಗ್ ಮಾಡಿಸಿ ಎಂದು ಡೀಲರುಗಳು ಹೆಚ್ಚುವರಿ ಬಿಲ್ಲು ಹಾಕುತ್ತಾರಲ್ಲ, ತುಕ್ಕಿನ ಭಯ ವ್ಯಾಪಾರಕ್ಕಾದರೂ ಗೊತ್ತಿದೆ ಎಂದಾಯಿತು.

ಹೊಸ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಅಷ್ಟು ವರ್ಷ ರಸ್ತೆಯಲ್ಲಿ ಓಡಲು ಅರ್ಹವೆಂದು ಸರ್ಕಾರವೇ ಒಪ್ಪಿದ ಗಾಡಿಗೆ ಎಂಟನೇ ವರ್ಷದಿಂದ ರೀಕಾಲ್ ರಕ್ಷಣೆ ಇಲ್ಲವೆನ್ನುವುದಕ್ಕೆ ಯಾವ ತರ್ಕವಿದೆ? ಹಳೆಯ ಕಾರು ಕೈ ಬದಲಾಗಿ, ಹೊಸದು ಕೊಳ್ಳಲಾಗದವರ ಮನೆ ಸೇರುವುದೂ ಹೆಚ್ಚಾಗಿ ಈ ವಯಸ್ಸಿನಲ್ಲೇ. ಅವು ರಿಪೇರಿಗೆ ಹೋಗುವುದು ಬೀದಿಬದಿಯ ಗ್ಯಾರೇಜಿಗೆ, ಕಂಪನಿಯ ಸರ್ವಿಸ್ ಸೆಂಟರಿಗಲ್ಲ. ಅಲ್ಲಿ ಬದಲಾಯಿಸಿದ ಶಾಫ್ಟುಗಳ ಸುದ್ದಿ ಕಂಪನಿಗೂ ಇಲ್ಲ, ಸಚಿವಾಲಯಕ್ಕೂ ಇಲ್ಲ. ನಿಗದಿತ ಸಂಖ್ಯೆಯ ದೂರು ಬಂದರೆ ತನಿಖೆ ಎನ್ನುವ ವ್ಯವಸ್ಥೆಯಲ್ಲಿ ಇಂಥ ಗಾಡಿಗಳ ದೂರು ಎಣಿಕೆಗೇ ಬರುವುದಿಲ್ಲ.

ಏಳು ವರ್ಷದ ಮಿತಿ ಇರುವುದು ಕಾಯ್ದೆಯಲ್ಲಲ್ಲ, ನಿಯಮಗಳಲ್ಲಿ. ಅದನ್ನು ಹದಿನೈದಕ್ಕೆ ತಿದ್ದಲು ಸಂಸತ್ತಿನ ಮುಂದೆ ಹೋಗಬೇಕಿಲ್ಲ. ರಸ್ತೆ ಸಾರಿಗೆ ಸಚಿವಾಲಯದ ಒಂದು ಅಧಿಸೂಚನೆ ಸಾಕು. ಜೊತೆಗೆ, ಗ್ಯಾರೇಜಿನ ಮೆಕ್ಯಾನಿಕ್ಕೂ ಮುರಿದ ಭಾಗದ ಫೋಟೊ ಸಮೇತ ದೂರು ದಾಖಲಿಸಲು ಅವಕಾಶ ಕೊಟ್ಟರೆ, ಕರಾವಳಿಯ ಕಾರುಗಳ ತಳದಲ್ಲಿ ಏನು ನಡೆದಿದೆ ಎಂಬ ಲೆಕ್ಕವಾದರೂ ಶುರುವಾದೀತು.